ಹೆಣ್ಣಿಗೆ ಎಡ ರೆಕ್ಕೆ

ಕ್ಷಮಿಸಿಬಿಡುವ ಗುಣ ನನಗಿಲ್ಲ. ಇದನ್ನು ನಾಚಿಕೆಯಿಂದೇನೂ ಹೇಳುತ್ತಿಲ್ಲ. ಮೈಸೂರಿನಲ್ಲಿ ಮೆಡಿಕಲ್ ಓದುವಾಗ ನನ್ನ ಅನಾಟಮಿ ರೆಕಾರ್ಡನ್ನು ಕೇಳದೆ ಎತ್ತಿಕೊಂಡು ಹೋಗಿ ನಕಲು ಮಾಡಿದ ಗೆಳತಿಯ ಮದುವೆಗೆ ನಾನು ಹೋಗಲಿಲ್ಲ. ಅವಳ ಮಗಳ ಮದುವೆಗೂ ಹೋಗಲಿಲ್ಲ. ನನ್ನ ಗಂಡ ಇದಕ್ಕೆ ಪೂರ್ತಿ ಉಲ್ಟಾ; ಯಾರಾದರೂ ಅವರ ಕಾಲು ತುಳಿದರೆ ತಾವೇ ಸಾರಿ ಕೇಳುವ ಜಾತಿ. ಹಾಗಾಗಿ ನಮ್ಮ ಮನೆಯ ಸಿಟ್ಟಿನ ಖಾತೆಯನ್ನು ಮೊದಲಿನಿಂದಲೂ ನಾನೊಬ್ಬಳೇ ನೋಡಿಕೊಂಡು ಬಂದಿದ್ದೇನೆ. ಇಲ್ಲಿ ಬರೆಯುತ್ತಿರುವುದು ನಾನು ಸಾಕಿದ ಐದು ಬಾತುಗಳ ವಿಷಯ, ಅವನ್ನು ನನ್ನಿಂದ ಕದ್ದ ಒಬ್ಬ ಸರ್ಜನ್ನರ ವಿಷಯ, ಆಮೇಲೆ ನಾನು ತೀರಿಸಿಕೊಂಡ ಸೇಡಿನ ವಿಷಯ.

ಎಪ್ಪತ್ತರ ದಶಕದ ನಡುವಿನಲ್ಲಿ ನಾವು ಪರ್ತ್‌ಗೆ ಬಂದೆವು. ಗಂಡನಿಗೆ ಆಸ್ಪತ್ರೆಯಲ್ಲಿ ಕೆಲಸವಿತ್ತು. ನನ್ನ ಹತ್ತಿರ ಅವರದೇ ಕಾಲೇಜಿನ, ಅವರಿಗಿಂತ ಹೆಚ್ಚು ಮಾರ್ಕ್ಸಿನ ಡಿಗ್ರಿಯಿತ್ತು, ಆದರೆ ಈ ದೇಶದಲ್ಲಿ ರೋಗಿಯ ನಾಡಿ ಹಿಡಿಯುವ ಅನುಮತಿ ಇರಲಿಲ್ಲ. ಅದಕ್ಕೆ ಪರೀಕ್ಷೆ ಬರೆಯಬೇಕು, ಬರೆಯುವುದಕ್ಕೆ ಪುರುಸೊತ್ತು ಬೇಕು, ಕಂಕುಳಲ್ಲಿ ಕೈಗೂಸು. ಸದರ್ನ್ ರಿವರ್‌ನಲ್ಲಿ ಬಾಡಿಗೆ ಮನೆ ಸಿಕ್ಕಿತ್ತು. ಈಗ ಅಲ್ಲಿ ಸಾಲು ಸಾಲು ಮನೆಗಳಿವೆ; ಆಗ ಮರಳು ನೆಲ, ಕುದುರೆ ಕಟ್ಟಿದ ಬಯಲು, ನಾಯಿ ಸಾಕುವವರ ಶೆಡ್ಡುಗಳು, ಅಲ್ಲಲ್ಲಿ ಜೊಂಡು ಬೆಳೆದ ಕೆರೆಯಂಥ ಜೌಗು. ಬೆಳಿಗ್ಗೆ ಏಳಕ್ಕೆ ಗಂಡ ಕಾರು ತೆಗೆದುಕೊಂಡು ಹೋದರೆ ನಾನು ಮಾತಾಡಿಸುವುದಕ್ಕೆ ಸಿಗುತ್ತಿದ್ದುದು ಮಗು, ಮತ್ತು ಬೇಲಿಯಾಚೆ ಒಬ್ಬ ಮುದುಕ.

ಆ ಮುದುಕನನ್ನು ನಾನು ಮನಸ್ಸಿನಲ್ಲೇ ಬಾತಿನ ತಾತ ಎಂದು ಕರೆಯುತ್ತಿದ್ದೆ. ಮನೆಯ ಹಿಂದೆ ಮೂರು ಕೊಳ ತೋಡಿಸಿ, ತಂತಿಬಲೆ ಕಟ್ಟಿಸಿ ನೂರಕ್ಕೂ ಹೆಚ್ಚು ಬಾತು ಸಾಕಿದ್ದ. ಸರ್ಕಾರದ ಲೈಸೆನ್ಸ್ ಅಡುಗೆಮನೆಯ ಗೋಡೆಗೆ ಫ್ರೇಮು ಹಾಕಿಸಿ ತೂಗುಹಾಕಿದ್ದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ನಾನು ಡಾಕ್ಟರ್ ಎಂದು ಗೊತ್ತಾದ ದಿನ ಒಂದು ಕುಂಟುವ ಬಾತನ್ನು ಬೇಲಿಯ ಮೇಲಿಂದ ದಾಟಿಸಿ "ಇದನ್ನ ನೋಡು ಲವ್" ಎಂದ; ಇಲ್ಲಿನ ಮುದುಕರಿಗೆ ಎಲ್ಲ ಹೆಂಗಸರೂ ಲವ್. ಅದರ ಪಾದದಲ್ಲಿ ಮುಳ್ಳು ಸೇರಿಕೊಂಡು ಕೀವಾಗಿತ್ತು. ಬಿಸಿ ನೀರಿನಲ್ಲಿ ತೊಳೆದು ತೆಗೆದು ಕಟ್ಟು ಹಾಕಿದೆ. ಆಸ್ಟ್ರೇಲಿಯಾದಲ್ಲಿ ನನ್ನ ಮೊದಲ ಪೇಷೆಂಟು ಅದು.

ಒಂದು ಸೆಪ್ಟೆಂಬರಿನಲ್ಲಿ ನಮ್ಮ ಹಿಂದಿನ ಜೌಗಿಗೆ ಬುಲ್‌ಡೋಜರುಗಳು ಬಂದವು. ಸೈಟು ಮಾಡುವುದಕ್ಕೆ ಮಣ್ಣು ತುಂಬಿಸುತ್ತಿದ್ದರು. ತಾತ ಮಂಡಿಯವರೆಗೆ ಬೂಟು ಹಾಕಿ ಜೊಂಡಿನೊಳಗೆ ನುಗ್ಗಿ, ತನ್ನ ಹ್ಯಾಟಿನಲ್ಲಿ ಆರು ಮೊಟ್ಟೆ ಇಟ್ಟುಕೊಂಡು ನೇರ ನಮ್ಮ ಅಡುಗೆಮನೆಗೆ ಬಂದ. ತಿಳಿಹಸಿರು ಮೊಟ್ಟೆಗಳು, ಬಾತಿನ ಗಾತ್ರಕ್ಕೆ ಬಹಳ ದೊಡ್ಡವು. ನೀಲಿ ಕೊಕ್ಕಿನ ಬಾತಿನವು, ಸಾಕುವವರ ಹತ್ತಿರ ಇವು ಬದುಕುವುದೇ ಇಲ್ಲ ಎಂದ. ಕಾಡುಹಕ್ಕಿಯ ಮೊಟ್ಟೆ ಎತ್ತುವುದು ಕಾನೂನಿಗೆ ವಿರುದ್ಧ. ಗೊತ್ತಾದರೆ ಅವನ ಲೈಸೆನ್ಸ್ ಹೋಗುತ್ತಿತ್ತು, ನೂರು ಬಾತೂ ಹೋಗುತ್ತಿದ್ದವು. ಅವನ ಕೊಳಗಳಿಗೆ ಆಗಾಗ ಅಧಿಕಾರಿಗಳು ಬಂದು ಲೆಕ್ಕ ನೋಡುತ್ತಿದ್ದರು. ಅದಕ್ಕೇ ಮೊಟ್ಟೆಗಳನ್ನು ನನಗೆ ಕೊಟ್ಟ. ಒಂದು ಗಿಡ್ಡ ಜಾತಿಯ ಕಾವುಕೋಳಿಯನ್ನೂ ಕೊಟ್ಟ.

ಇಪ್ಪತ್ತೈದು ದಿನ ನಾನು ಆ ಕೋಳಿಯ ಸೇವೆ ಮಾಡಿದೆ. ದಿನಾ ಮೊಟ್ಟೆಗಳ ಮೇಲೆ ಬೆಚ್ಚಗಿನ ನೀರು ಚಿಮುಕಿಸುತ್ತಿದ್ದೆ. ಆರರಲ್ಲಿ ಐದು ಒಡೆದವು. ಕಪ್ಪುಕಂದು ಬಣ್ಣದ, ಚಪ್ಪಟೆ ಕೊಕ್ಕಿನ, ಮುನಿಸಿಕೊಂಡಂಥ ಮುಖದ ಮರಿಗಳು. ನೋಡಿದ ಕೂಡಲೇ ನಮ್ಮ ಮನೆತನದವೇ ಅನ್ನಿಸಿತು. ಎಲ್ಲರ ಹತ್ತಿರವೂ ಈ ಜಾತಿಯ ಮರಿಗಳು ಸಾಯುತ್ತಿದ್ದುದು ಹಸಿವಿನಿಂದ. ಬಟ್ಟಲಿನಲ್ಲಿ ಹಿಟ್ಟು ಕಲಸಿಟ್ಟರೆ ಅದು ಆಹಾರ ಎಂದೇ ಅವಕ್ಕೆ ತಿಳಿಯುವುದಿಲ್ಲ. ಎರಡು ದಿನ ನನ್ನವೂ ಏನೂ ಮುಟ್ಟಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಮಗುವಿಗೆ ಅನ್ನ ಕಲಸಿದ್ದ ಸ್ಟೀಲ್ ತಟ್ಟೆಯನ್ನು ತೊಳೆಯಲು ಅಂಗಳದಲ್ಲಿ ಇಟ್ಟಿದ್ದೆ. ತಟ್ಟೆಯಲ್ಲಿ ನೀರು, ನೀರಿಗೆ ಬಿಸಿಲು. ಒಂದು ಮರಿ ಓಡಿಬಂದು ಆ ಮಿನುಗನ್ನು ಕುಕ್ಕಿತು. ನಾನು ಎದ್ದುಬಿದ್ದು ಒಳಗೆ ಓಡಿ, ಬೇಯಿಸಿದ ಮೊಟ್ಟೆಯ ಹಳದಿಯನ್ನು ಪುಡಿ ಮಾಡಿ ತಟ್ಟೆಗೆ ಉದುರಿಸಿದೆ, ಮಳೆನೀರಿನ ಡ್ರಮ್ಮಿನಿಂದ ಸೊಳ್ಳೆಮರಿ ಸೋಸಿ ಹಾಕಿದೆ. ಐದೂ ಮುತ್ತಿಕೊಂಡು ತಿಂದವು. ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅದು ನನ್ನ ಮದುವೆಗೆ ಅಮ್ಮ ಕೊಟ್ಟ ತಟ್ಟೆ. ನಮ್ಮ ಕಡೆಯ ಪದ್ಧತಿಯಂತೆ ಅಂಚಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಕನ್ನಡದಲ್ಲಿ ನನ್ನ ಹೆಸರು ಹಾಕಿಸಿದ್ದಳು.

ಇನ್ನು ರೆಕ್ಕೆಯ ವಿಷಯ. ಸಾಕಿದ ಬಾತು ಹಾರಿಹೋಗದಿರಲಿ ಎಂದು ಮರಿ ಕೂಸಾಗಿರುವಾಗಲೇ ಒಂದು ರೆಕ್ಕೆಯ ತುದಿಯ ಕೀಲನ್ನು ಕತ್ತರಿಸುತ್ತಾರೆ. ಕ್ರೂರವೇ, ಒಪ್ಪುತ್ತೇನೆ, ಆಗ ಎಲ್ಲರೂ ಮಾಡುತ್ತಿದ್ದರು. ಗಂಡಿಗೆ ಒಂದು ಕಡೆ, ಹೆಣ್ಣಿಗೆ ಇನ್ನೊಂದು ಕಡೆ ಕತ್ತರಿಸಿದರೆ ದೂರದಿಂದಲೇ ಯಾವುದು ಯಾವುದು ಎಂದು ತಿಳಿಯುತ್ತದೆ. ಮರಿಯನ್ನು ತಿರುಗಿಸಿ ಗಂಡೋ ಹೆಣ್ಣೋ ನೋಡುವುದನ್ನು ತಾತ ಕಲಿಸಿಕೊಟ್ಟಿದ್ದ. "ಗಂಡಿಗೊಂದು ಕಡೆ, ಹೆಣ್ಣಿಗೊಂದು ಕಡೆ, ನೆನಪಿರಲಿ" ಎಂದಷ್ಟೇ ಹೇಳಿ ಮೂರು ದಿನ ಊರಿಗೆ ಹೋದ. ಯಾವುದಕ್ಕೆ ಯಾವ ಕಡೆ ಎಂದು ಅವನು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಕೇಳುವುದೇನಿದೆ? ಕೈ ನೋಡಿ ಭವಿಷ್ಯ ಹೇಳುವವನು ಹೆಂಗಸಿನ ಎಡಗೈ ಹಿಡಿಯುತ್ತಾನೆ. ಹೆಂಗಸಿಗೆ ಎಡಗಣ್ಣು ಅದುರಿದರೆ ಒಳ್ಳೆಯದು. ಹಸೆಮಣೆಯಲ್ಲಿ ಗಂಡನ ಎಡಕ್ಕೆ ಕೂರಿಸುತ್ತಾರೆ. ಹೆಣ್ಣಿಗೆ ಎಡ, ಗಂಡಿಗೆ ಬಲ. ಕತ್ತರಿಯನ್ನು ಕುದಿಸಿ, ಮೂರು ಹೆಣ್ಣಿಗೆ ಎಡ ರೆಕ್ಕೆ, ಎರಡು ಗಂಡಿಗೆ ಬಲ ರೆಕ್ಕೆ ಕತ್ತರಿಸಿ, ಒಂದೊಂದಕ್ಕೂ ಒಂದೊಂದು ಹೊಲಿಗೆ ಹಾಕಿದೆ. ಈ ದೇಶದಲ್ಲಿ ನನ್ನ ಕೈಗೆ ಕತ್ತರಿ ಕೊಟ್ಟಿದ್ದು ಆ ಐದು ಜೀವಗಳು ಮಾತ್ರ.

ತಾತ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವರ ಕಡೆ ಗಂಡಿಗೆ ಎಡ, ಹೆಣ್ಣಿಗೆ ಬಲ. ಬಾತು ಸಾಕುವವರೆಲ್ಲ ಹಾಗೇ ಮಾಡುತ್ತಿದ್ದರು.

"ಐದಕ್ಕೆ ಐದೂ ತಿರುಗಾಮುರುಗಾ ಮಾಡಿದೀಯ ಲವ್. ಮೇಲಿಂದ ಹೊಲಿಗೆ ಬೇರೆ! ದೇಶದಲ್ಲೆಲ್ಲ ಹುಡುಕಿದ್ರೂ ಇಂಥವು ಇನ್ನೊಂದು ಸಿಗಲ್ಲ."

ನನಗೆ ಅವಮಾನವಾಯಿತು. ಅನಾಟಮಿಯಲ್ಲಿ ಮೆಡಲ್ ತಗೊಂಡವಳು ಎಡಬಲದಲ್ಲಿ ತಪ್ಪಿದೆನಲ್ಲ ಎಂದು ಒಂದು ವಾರ ಊಟ ಸೇರಲಿಲ್ಲ.

ಈಗ ಅಂಕಲ್ ಬರುತ್ತಾರೆ. ಆಗ ಪರ್ತ್‌ನಲ್ಲಿ ಕರ್ನಾಟಕದ ಡಾಕ್ಟರುಗಳ ಮನೆ ಬೆರಳೆಣಿಕೆಯಷ್ಟು. ಹಿಂದೂ, ಜೈನ, ಕ್ರಿಶ್ಚಿಯನ್, ಮುಸ್ಲಿಂ ಎಂದು ಬೇರೆ ಬೇರೆ ಪಂಕ್ತಿ ಹಾಕುವಷ್ಟು ಜನವೇ ಇರಲಿಲ್ಲ. ಯುಗಾದಿಗೂ ಈದ್‌ಗೂ ಕ್ರಿಸ್‌ಮಸ್‌ಗೂ ಅದೇ ಇಪ್ಪತ್ತು ಮುಖ. ಅವರಲ್ಲಿ ಹಿರಿಯರು, ಹೆಸರುವಾಸಿ ಸರ್ಜನ್, ನಮಗೆಲ್ಲ ಅಂಕಲ್. ಅವರಿಗೆ ಬಾತಿನ ಹುಚ್ಚು. ಅವರ ಡ್ರಾಯಿಂಗ್ ರೂಮಿನಲ್ಲಿ ದೇವರ ಪಟಕ್ಕಿಂತ ದೊಡ್ಡದಾಗಿ ಈಡರ್ ಎಂಬ ಸಮುದ್ರಬಾತಿನ ಚಿತ್ರವಿತ್ತು, ಉತ್ತರದ ಹಿಮಸಮುದ್ರದ್ದು. ಹೊರದೇಶದಿಂದ ಜೀವಂತ ಪಕ್ಷಿ ತರುವುದನ್ನು ಸರ್ಕಾರ ನಿಲ್ಲಿಸಿದ್ದರಿಂದ ಅದು ಅವರಿಗೆ ಈ ಜನ್ಮದಲ್ಲಿ ಸಿಗುವಂತಿರಲಿಲ್ಲ. ಹಾಗಾಗಿ ಇಲ್ಲೇ ಸಿಗುವ, ಯಾರೂ ಬದುಕಿಸಲಾಗದ ಬಾತನ್ನು ತಾನು ಮೊದಲು ಬದುಕಿಸಬೇಕು, ಬಾತು ಸಾಕುವವರ ಕ್ಲಬ್ಬಿನ ಸರ್ಟಿಫಿಕೇಟು ಪಡೆಯಬೇಕು ಎಂಬ ಆಸೆ. ನೀಲಿ ಕೊಕ್ಕಿನ ಮರಿಗಳನ್ನು ಅವರು ಎರಡು ಸಲ ಸಾಯಿಸಿದ್ದರು.

ನನ್ನ ಐದು ಮರಿ ಬೆಳೆದು ಗಂಡುಗಳ ಕೊಕ್ಕು ನೀಲಿಯಾದಾಗ ಅವರು ಬಂದು ನೋಡಿದರು. ನಾನು ಬೆಪ್ಪಿ, ಹೆಮ್ಮೆಯಿಂದ ಎಲ್ಲ ಹೇಳಿದೆ: ಹ್ಯಾಟಿನಲ್ಲಿ ಬಂದ ಮೊಟ್ಟೆ, ತಟ್ಟೆ, ಹಳದಿ, ಸೊಳ್ಳೆಮರಿ. ಅವರು ಕಾಫಿ ಕುಡಿದು ಲೋಟ ಕೆಳಗಿಟ್ಟು ಹೇಳಿದರು:

"ಪರ್ವಾಗಿಲ್ವೇ! ಮನೇಲಿರೋ ಹೆಂಗಸರಿಗೆ ಒಳ್ಳೇ ಟೈಮ್‌ಪಾಸು."

ಆಮೇಲಿನ ಮೂರು ಭಾನುವಾರವೂ ಬಂದು ಆ ಟೈಮ್‌ಪಾಸನ್ನು ಗಂಟೆಗಟ್ಟಲೆ ನೋಡುತ್ತ ನಿಂತಿದ್ದರು.

ಎರಡು ವರ್ಷದ ಮೇಲೆ ಗಂಡನಿಗೆ ಬ್ರಿಸ್ಬೇನಿಗೆ ಕೆಲಸವಾಯಿತು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಬಾತು ಸಾಗಿಸಲು ಕಾಗದಪತ್ರ ಬೇಕು. ನನ್ನ ಬಾತುಗಳಿಗೆ ಹುಟ್ಟಿನ ಕಾಗದವೇ ಇಲ್ಲ. ತಾತನ ಹತ್ತಿರ ಬಿಟ್ಟರೆ ಲೆಕ್ಕ ನೋಡುವವರು ಹಿಡಿಯುತ್ತಾರೆ. "ನಾನಿದೀನಲ್ಲಮ್ಮ, ನೀವು ಸೆಟ್ಲ್ ಆಗೋವರ್ಗೂ ನೋಡ್ಕೋತೀನಿ, ಕಾಗದಾನೂ ನಾನೇ ಮಾಡಿಸ್ತೀನಿ" ಎಂದರು ಅಂಕಲ್. ಅವರ ಕೊಳದ ಹತ್ತಿರ ಬಾತುಗಳನ್ನು ಇಳಿಸಿ, ತಿನ್ನಿಸುವ ತಟ್ಟೆಯನ್ನೂ ಆಂಟಿಯ ಕೈಗೆ ಕೊಟ್ಟು ಬಂದೆ. ಕಾರಿನಲ್ಲಿ ಮಗಳಿಗಿಂತ ನಾನೇ ಜಾಸ್ತಿ ಅತ್ತೆ.

ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿ ದೊಡ್ಡ ಹಿತ್ತಲಿದ್ದ ಮನೆ ಹಿಡಿದೆವು. ಮರದ ಕಂಬಗಳ ಮೇಲೆ ನಿಂತ ಮನೆ, ಕೆಳಗೆ ಗಾಳಿ ಆಡುವ ಜಾಗ, ಬಾತಿಗೆಂದೇ ನಾನು ಗುದ್ದಲಿ ಹಿಡಿದು ತೋಡಿದ ಒಂದು ಗುಂಡಿ. ನಾಲ್ಕನೆಯ ತಿಂಗಳು ಅಂಕಲ್‌ರಿಂದ ಕಾಗದ ಬಂತು. ಅಚ್ಚಕನ್ನಡದಲ್ಲಿ, ಮುತ್ತು ಪೋಣಿಸಿದ ಅಕ್ಷರದಲ್ಲಿ ಬರೆದಿದ್ದರು. "ಹೇಳಲು ಸಂಕಟವಾಗುತ್ತದೆ. ನಿಮ್ಮ ಐದೂ ಬಾತುಗಳನ್ನು ನರಿ ತಿಂದುಹಾಕಿತು. ಒಂದೂ ಉಳಿಯಲಿಲ್ಲ. ದೈವೇಚ್ಛೆ." ನಾನು ಆ ಗುಂಡಿಯ ಪಕ್ಕ ಕೂತು ನರಿಗೆ ಶಾಪ ಹಾಕಿದೆ. ಆ ನರಿಯ ಕ್ಷಮೆಯನ್ನು ಮಾತ್ರ ನಾನು ಕೇಳಬೇಕಾಗಿದೆ.

ಬ್ರಿಸ್ಬೇನಿನಲ್ಲಿ ಪರೀಕ್ಷೆ ಮುಗಿಸಿ ನಾನೂ ಡಾಕ್ಟರಾದೆ. ಗುಂಡಿಯಲ್ಲಿ ನುಗ್ಗೆಗಿಡ ನೆಟ್ಟೆ. ಕಾಗದವನ್ನು ಎಸೆಯಲಿಲ್ಲ, ಯಾಕೆಂದು ಕೇಳಿದರೆ ಹೇಳಲಾರೆ, ನಾನು ಯಾವುದನ್ನೂ ಎಸೆಯುವವಳಲ್ಲ.

ಎಂಬತ್ತರ ದಶಕ ಶುರುವಾಗಿ ಮೂರ್ನಾಲ್ಕು ವರ್ಷಕ್ಕೆ ನಾವು ಅಡಿಲೇಡ್‌ಗೆ ಬಂದೆವು. ಗ್ಲೆನೆಲ್ಗ್‌ನಲ್ಲಿ ಸಮುದ್ರದ ಹತ್ತಿರ ಫ್ಲ್ಯಾಟು, ನನಗೆ ಟ್ರಾಮಿನಲ್ಲಿ ಹೋಗಿಬರುವಷ್ಟು ಹತ್ತಿರ ಕ್ಲಿನಿಕ್ಕು. ಅಂಕಲ್ ನಮಗಿಂತ ಮುಂಚೆಯೇ ಇಲ್ಲಿಗೆ ಬಂದು, ಊರಾಚೆ ಗುಡ್ಡದ ಬುಡದಲ್ಲಿ ಜಮೀನು ತಗೊಂಡು, ಕೊಳ ಕಟ್ಟಿಸಿದ್ದರು. ನಾವು ಬಂದ ತಿಂಗಳಲ್ಲೇ ಅವರ ಮನೆಯಲ್ಲಿ ಬಾರ್ಬಿ, ಎಂದರೆ ಹಿತ್ತಲಲ್ಲಿ ಕೆಂಡದ ಮೇಲೆ ಸುಟ್ಟು ಬಡಿಸುವ ಬಾರ್ಬೆಕ್ಯೂ ಊಟ. ಕನ್ನಡದ ಡಾಕ್ಟರುಗಳೆಲ್ಲ ಸೇರಿದ್ದರು. ಡ್ರಾಯಿಂಗ್ ರೂಮಿನಲ್ಲಿ ಅದೇ ಈಡರ್ ಚಿತ್ರ, ಅದರ ಪಕ್ಕ ಹೊಸದೊಂದು ಫ್ರೇಮು: ನೀಲಿ ಕೊಕ್ಕಿನ ಬಾತನ್ನು ಮನೆಯಲ್ಲಿ ಮರಿ ಮಾಡಿಸಿ ಬೆಳೆಸಿದ ಮೊದಲಿಗರೆಂದು ಕ್ಲಬ್ಬಿನ ಸರ್ಟಿಫಿಕೇಟು. ಅಂತೂ ಅಂಕಲ್ ಸಾಧಿಸಿದರಲ್ಲ ಎಂದು ನಾನು, ದೇವರಾಣೆ, ಸಂತೋಷಪಟ್ಟೆ.

ಆಮೇಲೆ ಆಂಟಿ "ಹಿಂದ್ಗಡೆ ಪುದೀನ ಇದೆ, ಒಂದು ಹಿಡಿ ಕಿತ್ಕೊಂಡು ಬಾಮ್ಮ" ಎಂದರು. ಪುದೀನದ ಪಾತಿ ಕೊಳದ ಬೇಲಿಗೆ ಅಂಟಿಕೊಂಡೇ ಇತ್ತು. ನಾನು ಬಗ್ಗಿ ಕೀಳುತ್ತಿದ್ದೆ. ನೀರಿನ ನಡುವೆ ಒಂದು ಹೆಣ್ಣು ಬಾತು ಮೈ ಎತ್ತಿ ರೆಕ್ಕೆ ಬಡಿಯಿತು. ಎಡ ರೆಕ್ಕೆ ಮೋಟು.

ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಅರ್ಧ ಗಂಟೆ ಕೂತು ನೋಡಿದೆ. ಅಂಥ ಹೆಣ್ಣು ಮೂರು, ಮೂರಕ್ಕೂ ಎಡ. ಗಂಡು ಎರಡು, ಎರಡಕ್ಕೂ ಬಲ. ಪಕ್ಕದಲ್ಲೇ ಈಜುತ್ತಿದ್ದ ಬೇರೆ ಜಾತಿಯ ಬಾತುಗಳಿಗೆಲ್ಲ ಕ್ಲಬ್ಬಿನ ಪದ್ಧತಿ, ಹೆಣ್ಣಿಗೆ ಬಲ. ಇಷ್ಟು ವರ್ಷ ಅಂಕಲ್ ಅದನ್ನು ಗಮನಿಸಿರಲಿಲ್ಲ. ಹೇಗೆ ಗಮನಿಸುತ್ತಾರೆ? ಹೆಣ್ಣಿಗೆ ಎಡ ಎನ್ನುವುದು ಅವರ ಕಣ್ಣಿಗೂ ಸರಿಯಾಗಿಯೇ ಕಾಣುತ್ತಿತ್ತು. ಅವರೂ ನಮ್ಮವರೇ ತಾನೆ. ಬಿಳಿಯ ಕಳ್ಳನಾಗಿದ್ದರೆ ಸಿಕ್ಕಿಬೀಳಿಸುವ ಆ ಗುರುತನ್ನು ಮೊದಲ ದಿನವೇ ನೋಡಿ ಎಚ್ಚರವಾಗುತ್ತಿದ್ದ.

ಏಳೆಂಟು ವರ್ಷದ ಹೆಡ್ಡತನವೆಲ್ಲ ಒಟ್ಟಿಗೇ ತಲೆಗೇರಿತು. ಮೈಯೆಲ್ಲ ಉರಿದುಹೋಯಿತು. ಹುಡುಕಿಕೊಂಡು ಬಂದ ಮಗಳಿಗೆ "ನೋಡು, ಅವು ನನ್ನ ಬಾತು ಕಣೇ" ಎಂದೆ. ಅವಳು "ಮಮ್, ದೇ ಆರ್ ಜಸ್ಟ್ ಡಕ್ಸ್" ಎಂದಳು. ನಾನು ಪುದೀನ ತಂದು ಆಂಟಿಗೆ ಕೊಟ್ಟು, ಕೈ ತೊಳೆದು, ಎರಡು ಸಲ ಮೊಸರನ್ನ ಹಾಕಿಸಿಕೊಂಡು ಉಂಡು, ನಗುನಗುತ್ತಾ ಮಾತಾಡಿ ಮನೆಗೆ ಬಂದೆ.

ಕಾರಿನಲ್ಲಿ ಗಂಡನಿಗೆ ಹೇಳಿದೆ. ಅವರು ಹೇಳಿದರು:

"ಬಿಟ್ಟಾಕು ಮಾರಾಯ್ತಿ. ಇರೋದೇ ನಾಲ್ಕು ಜನ ನಮ್ಮೋರು. ಬೇಕಾದ್ರೆ ಸುಮ್ನೆ ಹೋಗಿ ಕೇಳೋಣ, ವಾಪಸ್ ಕೊಡಬೋದು."

"ಕೊಡೋದಲ್ಲ ರೀ," ಎಂದೆ. "ಎಲ್ಲರ ಮುಂದೆ ಒಪ್ಕೋಬೇಕು."

ಇಲ್ಲಿ ನಾನೊಂದು ಮಾತು ಒಪ್ಪಿಕೊಳ್ಳಬೇಕು. ಆವತ್ತು ಗಂಡನ ಮಾತು ಕೇಳಿ, ಮರುದಿನ ಒಬ್ಬಳೇ ಹೋಗಿ ತಣ್ಣಗೆ ಹೆದರಿಸಿದ್ದರೆ, ಬಾತುಗಳು ನನಗೆ ಸಿಗುತ್ತಿದ್ದವು. ಅದು ನನಗೆ ಆವತ್ತೂ ಗೊತ್ತಿತ್ತು. ಆದರೆ ನನಗೆ ಬಾತು ಬೇಕಿತ್ತು, ಅದಕ್ಕಿಂತ ಹೆಚ್ಚಾಗಿ ಆ ಮನುಷ್ಯನ ಮುಖ ನೋಡಬೇಕಿತ್ತು.

ಐದು ತಿಂಗಳು ಕಾದೆ. ಅಷ್ಟು ದಿನ ಅಂಕಲ್ ಮನೆಗೆ ನಾನು ಒಯ್ದ ಚಕ್ಕುಲಿ, ಕೋಡುಬಳೆ, ಒಬ್ಬಟ್ಟು ನನ್ನ ತವರಿಗೂ ಒಯ್ದಿರಲಿಲ್ಲ. ಕ್ಲಬ್ಬಿನವರು ವರ್ಷಕ್ಕೊಮ್ಮೆ ಒಬ್ಬರ ಕೊಳ ನೋಡಲು ಸೇರುತ್ತಾರೆಂದು ತಿಳಿಯಿತು. "ಈ ಸಲ ನಿಮ್ಮಲ್ಲೇ ಕರೀರಿ ಅಂಕಲ್, ಅಡುಗೆ ನಾನು ನೋಡ್ಕೋತೀನಿ" ಎಂದು ಹುರಿದುಂಬಿಸಿದೆ. ಪರ್ತ್‌ಗೆ ಫೋನು ಮಾಡಿ ತಾತನಿಗೆ ಎಲ್ಲ ಹೇಳಿದೆ. ಅವನಿಗೆ ಆಗ ಎಂಬತ್ತರ ಹತ್ತಿರ. ಎರಡು ದಿನ ರೈಲಿನಲ್ಲಿ ಕೂತು, ಅದೇ ಹ್ಯಾಟು ಹಾಕಿಕೊಂಡು ಬಂದಿಳಿದ. ಟ್ರಂಕಿನ ತಳದಿಂದ ನಾನು ಕಾಗದ ತೆಗೆದಿಟ್ಟುಕೊಂಡೆ.

ಆ ಶನಿವಾರ ಮಧ್ಯಾಹ್ನ ಅಂಕಲ್ ಹಿತ್ತಲಿನಲ್ಲಿ ನಲವತ್ತು ಐವತ್ತು ಜನ. ಸಾಸೇಜಿನ ಹೊಗೆ, ಬ್ರೆಡ್ಡು, ಬಿಯರು, ಒಂದು ಮೇಜಿನ ತುಂಬ ನನ್ನ ವಾಂಗಿಬಾತು. ವನ್ಯಜೀವಿ ಇಲಾಖೆಯ ಅಧಿಕಾರಿಯೊಬ್ಬನನ್ನೂ ಕ್ಲಬ್ಬಿನವರು ಮರ್ಯಾದೆಗೆಂದು ಕರೆದಿದ್ದರು. ಅವನು ನನ್ನ ಲೆಕ್ಕದಲ್ಲಿ ಇರಲಿಲ್ಲ. ಸಾಸೇಜು ತಿನ್ನಲು ಬಂದವನೆಂದು ಸುಮ್ಮನಾದೆ.

ಅಂಕಲ್ ಕೊಳದ ಮುಂದೆ ನಿಂತು ಭಾಷಣ ಶುರು ಮಾಡಿದರು. ಇಂಗ್ಲಿಷಿನಲ್ಲಿ, ಹೂವಿನ ಮೇಲೆ ನಡೆದಂತೆ. ಈ ಮರಿಗಳು ಹಸಿವಿನಿಂದ ಸಾಯುತ್ತವೆ, ನಾನು ಹಗಲಿರುಳು ಯೋಚಿಸಿದೆ, ಒಂದು ಬೆಳಿಗ್ಗೆ ಹೊಳೆಯಿತು ಎಂದು ಹೇಳಿ, ಆಂಟಿಯ ಕೈಯಿಂದ ಒಂದು ಸ್ಟೀಲ್ ತಟ್ಟೆ ಇಸಿದುಕೊಂಡು ಎತ್ತಿ ಹಿಡಿದರು. ಬಿಸಿಲಿಗೆ ಅದು ಮಿನುಗಿತು. ಜನ ಚಪ್ಪಾಳೆ ತಟ್ಟಿದರು. ಅಂಚಿನ ಮೇಲೆ ಚುಕ್ಕಿ ಚುಕ್ಕಿಯಾಗಿ ನನ್ನ ಹೆಸರು. ಆ ಜನಕ್ಕೆ ಅದು ಬರೀ ಚಿತ್ತಾರ.

ನಾನು ಎದ್ದು ನಿಂತೆ.

"ಅಂಕಲ್, ಒಂದು ಪ್ರಶ್ನೆ. ಇವುಗಳ ರೆಕ್ಕೆ ಯಾರು ಕತ್ತರಿಸಿದ್ದು?" ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಕೇಳಿದೆ.

ಅವರು ನಕ್ಕರು. "ಇನ್ಯಾರಮ್ಮ? ನಾನೇ. ಸರ್ಜನ್ ಮನೆಯಲ್ಲಿ ಇನ್ನೊಬ್ಬರ ಕೈಗೆ ಕತ್ತರಿ ಕೊಡ್ತಾರಾ?"

"ಇಲ್ಲಿರೋ ಎಲ್ಲ ಬಾತಿಗೂ ನೀವೇನಾ?"

"ಎಲ್ಲಕ್ಕೂ."

ಆಗ ತಾತ ಜನರ ನಡುವಿನಿಂದ ನಿಧಾನವಾಗಿ ಮುಂದೆ ಬಂದ. "ಹಾಗಾದ್ರೆ ಮಿಕ್ಕಿದ್ದೆಲ್ಲ ಸರಿಯಾಗಿ ಮಾಡಿ, ಈ ಐದಕ್ಕೆ ಮಾತ್ರ ಯಾಕೆ ತಿರುಗಾಮುರುಗಾ ಮಾಡಿದ್ರಿ ಸ್ವಾಮಿ?"

ಅಂಕಲ್ ಅವನನ್ನು ಗುರುತಿಸಿದರು. ಅವರ ಮುಖದ ಬಣ್ಣ ಇಳಿಯುವುದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಅಷ್ಟು ರುಚಿಯಾದದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಕ್ಲಬ್ಬಿನ ಇಬ್ಬರು ಬಲೆ ಹಾಕಿ ಒಂದು ಹೆಣ್ಣನ್ನು ಹಿಡಿದು ರೆಕ್ಕೆ ಬಿಡಿಸಿದರು. ಎಡ, ತುದಿಯಲ್ಲಿ ಹೊಲಿಗೆಯ ಸಣ್ಣ ಗಂಟು. ಗಂಡನ್ನು ಹಿಡಿದರು. ಬಲ, ಅದೇ ಗಂಟು. ಬೇರೆ ಜಾತಿಯದೊಂದನ್ನು ಹಿಡಿದರು. ಅದಕ್ಕೆ ಹೊಲಿಗೆಯೇ ಇರಲಿಲ್ಲ. ಅಂಕಲ್ "ಏನೋ ಕೈತಪ್ಪು" ಎಂದು ತೊದಲಿದರು. ನಾನು ಕಾಗದ ಬಿಚ್ಚಿ ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಓದಿದೆ. ನರಿ ತಿಂದುಹಾಕಿತು ಎಂಬ ಸಾಲನ್ನು ಎರಡು ಸಲ ಓದಿದೆ. ನಮ್ಮ ಕನ್ನಡದ ಡಾಕ್ಟರುಗಳೆಲ್ಲ ತಲೆ ತಗ್ಗಿಸಿ ಬ್ರೆಡ್ಡು ನೋಡುತ್ತಿದ್ದರು. ಕ್ಲಬ್ಬಿನ ಅಧ್ಯಕ್ಷ ಯಾರನ್ನೂ ಕೇಳದೆ ಮನೆಯೊಳಗೆ ಹೋಗಿ ಸರ್ಟಿಫಿಕೇಟಿನ ಫ್ರೇಮು ತಂದು ಕಂಕುಳಲ್ಲಿ ಇಟ್ಟುಕೊಂಡ.

ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಸಾಸೇಜಿನವನು ಕೈ ಒರೆಸಿಕೊಂಡು ಮುಂದೆ ಬಂದ. ಬಹಳ ಸಭ್ಯ ಮನುಷ್ಯ.

"ಮೇಡಂ, ಅಂದ್ರೆ ಇವು ನಿಮ್ಮ ಬಾತು. ಸರಿ. ಮೊಟ್ಟೆ ಎಲ್ಲಿಂದ ಬಂತು? ಅದೊಂದು ಹೇಳಿದ್ರೆ ನಿಮ್ಮ ಹೆಸರಿಗೇ ಬರೆದುಕೊಡ್ತೀನಿ."

ನಾನು ಬಾಯಿ ತೆರೆದೆ, ತಾತ ಕಾಣಿಸಿದ. ಅವನ ಕೈಯಲ್ಲಿ ಹ್ಯಾಟು. ನಾನು ಹೇಳಿದರೆ ಅವನ ಲೈಸೆನ್ಸು, ಅವನ ಮೂರು ಕೊಳ, ನೂರು ಬಾತು ಅವತ್ತಿಗೇ ಮುಗಿದಂತೆ. ಐದು ತಿಂಗಳು ಕೂತು ಹೆಣೆದ ಬಲೆಯಲ್ಲಿ ನಾನು ಇದೊಂದನ್ನು ಯೋಚಿಸಿರಲಿಲ್ಲ. ಸಿಟ್ಟಿನಲ್ಲಿ ನನಗೆ ಅಂಕಲ್ ಮುಖ ಬಿಟ್ಟು ಬೇರೇನೂ ಕಂಡಿರಲಿಲ್ಲ. ತಾತ ತಾನೇ ಹೇಳಿಬಿಡುವಂತೆ ಗಂಟಲು ಸರಿಮಾಡಿಕೊಂಡ.

"ನನಗೆ ಗೊತ್ತಿಲ್ಲ," ಎಂದೆ ನಾನು ಅವನಿಗಿಂತ ಮುಂಚೆ. "ಯಾರೋ ಬಾಗಿಲಲ್ಲಿ ಇಟ್ಟು ಹೋಗಿದ್ರು."

ಅಧಿಕಾರಿ ಅಂಕಲ್ ಕಡೆ ತಿರುಗಿದ. ಹ್ಯಾಟಿನ ಕಥೆ ಅವರಿಗೂ ಗೊತ್ತಿತ್ತು, ನಾನೇ ಹೇಳಿದ್ದೆನಲ್ಲ. ಆದರೆ ಅವರು ಅದನ್ನು ಬಾಯಿಬಿಟ್ಟರೆ ಬಾತು ನನ್ನದೆಂದು ತಾವೇ ಒಪ್ಪಿಕೊಂಡಂತೆ. ಅವರು ತುಟಿ ಬಿಚ್ಚಲಿಲ್ಲ. ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಅಂಕಲ್ ಮಾಡಿಸಿದ್ದ ಕಾಗದ ಸುಳ್ಳು, ಹುಟ್ಟು ತಿಳಿಯದ ಬಾತು ಸರ್ಕಾರದ್ದು ಎಂದು ಅಧಿಕಾರಿ ಐದನ್ನೂ ತೂತು ಮಾಡಿದ ರಟ್ಟಿನ ಡಬ್ಬಗಳಲ್ಲಿ ಹಾಕಿಸಿ ವ್ಯಾನಿಗೆ ಏರಿಸಿದ. ಒಂದು ಹೆಣ್ಣು ತೂತಿನಿಂದ ಕೊಕ್ಕು ಹೊರಗೆ ಹಾಕಿತ್ತು. ಆಂಟಿ ಮೆಲ್ಲಗೆ ಬಂದು ನನ್ನ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಅವರಿಗೆ ಮೊದಲಿನಿಂದಲೂ ಗೊತ್ತಿತ್ತೆಂದು ಆಗ ತಿಳಿಯಿತು. ಅವರನ್ನೂ ಕ್ಷಮಿಸಿಲ್ಲ.

ತಾತ ರೈಲು ಹತ್ತುವಾಗ "ನೀನು ಹೇಳಬೇಕಿತ್ತು ಲವ್" ಎಂದ. ಮುಂದಿನ ಚಳಿಗಾಲದಲ್ಲಿ ತೀರಿಕೊಂಡ, ತನ್ನ ಕೊಳಗಳ ಪಕ್ಕದಲ್ಲೇ.

ಹಾರಲಾರದ ಬಾತುಗಳನ್ನು ಕಾಡಿಗೆ ಬಿಡುವಂತಿರಲಿಲ್ಲ. ಇಲಾಖೆಯವರು ಅವನ್ನು ಊರಿನ ಒಂದು ಪಾರ್ಕಿನ ಕೊಳದಲ್ಲಿ ಬಿಟ್ಟು ಬೇಲಿ ಹಾಕಿಸಿ, ಬೋರ್ಡು ನೆಟ್ಟರು. ನಾನು ಭಾನುವಾರ ಬೆಳಿಗ್ಗೆ ಹೋಗಲು ಶುರುಮಾಡಿದೆ. ಬೋರ್ಡಿನಲ್ಲಿ ಹಕ್ಕಿಯ ಹೆಸರು, ಚಿತ್ರ, ಅದರ ಕೆಳಗೆ, ಮನೆಯಲ್ಲಿ ಬೆಳೆಸಿದವು, ಬೆಳೆಸಿದವರು ಯಾರೆಂದು ತಿಳಿಯದು ಎಂಬ ಒಂದು ಸಾಲು. ಅಂಕಲ್ ಹೆಸರಿಲ್ಲವೆಂದು ಮೊದಲ ದಿನ ಖುಷಿಪಟ್ಟೆ. ನನ್ನದೂ ಇಲ್ಲವೆಂದು ನುಂಗಿಕೊಳ್ಳಲು ಬಹಳ ಭಾನುವಾರ ಹಿಡಿಯಿತು.

ಎರಡನೆಯ ತಿಂಗಳು ನೋಡಿದರೆ ಅಂಕಲ್ ಅಲ್ಲಿ ಬೆಂಚಿನ ಮೇಲೆ ಕೂತಿದ್ದರು. ಅಲ್ಲಿ ಇರುವುದೇ ಒಂದು ಬೆಂಚು. ನಾನು ಮಾತಾಡಿಸದೆ ಬೇಲಿಯ ಇನ್ನೊಂದು ತುದಿಯಲ್ಲಿ ನಿಂತು ನೋಡಿ ಬಂದೆ. ಮುಂದಿನ ವಾರ ಮೊದಲ ಟ್ರಾಮಿಗೇ ಹೊರಟು, ನಗರದಲ್ಲಿ ಇಳಿದು ನಡೆದು, ಅವರಿಗಿಂತ ಮುಂಚೆ ಹೋಗಿ ಬೆಂಚಿನ ನಡುವಿನಲ್ಲಿ ಕೂತೆ. ಅವರಿಗೆ ಮಂಡಿನೋವು. ಬಂದವರು ಬೇಲಿ ಹಿಡಿದುಕೊಂಡು ನಿಂತರು. ಆಮೇಲೆ ಎರಡು ವರ್ಷ ಒಂದು ಭಾನುವಾರವೂ ನಾನು ಅವರಿಗೆ ಆ ಬೆಂಚು ಬಿಟ್ಟುಕೊಡಲಿಲ್ಲ. ಜ್ವರ 102 ಇದ್ದಾಗಲೂ ಹೋಗಿದ್ದೇನೆ. ಗಂಡ "ನಿಂಗೆ ಹುಚ್ಚು ಹಿಡಿದಿದೆ" ಎಂದು ಕಾಫಿ ಫ್ಲಾಸ್ಕು ತುಂಬಿಸಿ ಕೊಡುತ್ತಿದ್ದರು.

ಮೂರು ಹೆಣ್ಣಿನಲ್ಲಿ ಒಂದು ಕಾಣಿಸದ ಒಂದು ಭಾನುವಾರ, ಇಬ್ಬರೂ ಬಹಳ ಹೊತ್ತು ಜೊಂಡಿನಲ್ಲಿ ಕಣ್ಣಾಡಿಸಿದೆವು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಅಂಕಲ್ ನನ್ನ ಕಡೆ ತಿರುಗದೆ, ನೀರನ್ನು ನೋಡುತ್ತಲೇ ಹೇಳಿದರು:

"ನಿನ್ ಬಾತು ಒಂದು ಹೋಯ್ತೇನೋಮ್ಮ."

ನಿನ್ನ ಬಾತು. ಐವತ್ತು ಜನರ ಮುಂದೆ ಹೇಳಿಸಬೇಕೆಂದು ನಾನು ಎಲ್ಲವನ್ನೂ ಕಳೆದುಕೊಂಡ ಮಾತು. ಯಾರೂ ಇಲ್ಲದ ಕಡೆ, ಒಂದು ಸತ್ತ ಹಕ್ಕಿಯ ನೆಪದಲ್ಲಿ, ಬಿಟ್ಟಿಯಾಗಿ ಬಂದಿತ್ತು.

"ಕೇಳಿಸ್ಲಿಲ್ಲ ಅಂಕಲ್," ಎಂದೆ. "ಇನ್ನೊಂದ್ಸಲ ಹೇಳಿ. ಜೋರಾಗಿ."

ಅವರು ಬೇಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಆ ಖಾಲಿ ಪಾರ್ಕಿನಲ್ಲಿ, ಜೋರಾಗಿ ಹೇಳಿದರು. ಹೇಳಿ ನನ್ನ ಕಡೆ ತಿರುಗಿದರು, ಬೆಂಚನ್ನೂ ನೋಡಿದರು. ಮೂರು ಜನ ಕೂರುವಷ್ಟು ಉದ್ದದ ಬೆಂಚು. ನಾನು ಫ್ಲಾಸ್ಕನ್ನು ನನ್ನ ಎಡಗಡೆ ಇಟ್ಟೆ, ಕೈಚೀಲವನ್ನು ಬಲಗಡೆ ಇಟ್ಟೆ, ಕಾಫಿ ಬಗ್ಗಿಸಿಕೊಂಡು ಕುಡಿದೆ.